ಮನವಿ ಸ್ವೀಕರಿಸಲಾಗಿದೆ, ಫೋಟೊ ಚೆನ್ನಾಗಿ ಬಂದಿದೆ

ಮೊನ್ನೆ ಪೇಪರಿನಲ್ಲಿ ಆ ಫೋಟೊ ಮತ್ತೆ ಬಂತು. ನೀವೂ ನೋಡಿರುತ್ತೀರಿ. ರಾಯಚೂರಿನ ಪುಟದಲ್ಲೂ ಇತ್ತು, ಕೊಪ್ಪಳದ ಪುಟದಲ್ಲೂ ಇತ್ತು. ಬಳ್ಳಾರಿಯ ಗೆಳೆಯನೊಬ್ಬ ಅವರ ಕಡೆಯದನ್ನು ವಾಟ್ಸಾಪಿನಲ್ಲಿ ಕಳಿಸಿ "ನಿಮ್ಮದೂ ಬಂತೇನು?" ಅಂತ ಕೇಳಿದ. ಊರು ಬೇರೆ, ಮುಖ ಬೇರೆ, ಫೋಟೊ ಮಾತ್ರ ಒಂದೇ. ಕೆಳಗೆ ಬರೆದದ್ದೂ ಒಂದೇ: ಗ್ರಾಮ ಪಂಚಾಯಿತಿ ಸದಸ್ಯರ ಒಕ್ಕೂಟದವರು ವಿವಿಧ ಬೇಡಿಕೆ ಈಡೇರಿಕೆಗೆ ಒತ್ತಾಯಿಸಿ ತಹಶೀಲ್ದಾರರ ಮೂಲಕ ಮುಖ್ಯಮಂತ್ರಿಗೆ ಮನವಿ ಸಲ್ಲಿಸಿದರು.

ಈ ಫೋಟೊ ತೆಗೆಯೋದು ಸಾಮಾನ್ಯ ವಿದ್ಯೆ ಅಲ್ಲ. ಇರೋದು ಒಂದೇ ಹಾಳೆ, ಅದನ್ನು ಹಿಡಿಯಬೇಕಾದ ಕೈ ಹನ್ನೊಂದು. ಹಾಳೆಯ ತುದಿ ಸಿಗದವನು ಸಿಕ್ಕವನ ಮೊಣಕೈ ಹಿಡಿಯುತ್ತಾನೆ. ಮೊಣಕೈಯೂ ಸಿಗದವನು ಹಿಂದೆ ನಿಂತು ಕತ್ತು ಉದ್ದ ಮಾಡುತ್ತಾನೆ. ತಹಶೀಲ್ದಾರರು ಮೀಟಿಂಗಿಗೆ ಹೋಗಿರುತ್ತಾರೆ, ಅದು ಗ್ಯಾರಂಟಿ. ಗ್ರೇಡ್-2 ತಹಶೀಲ್ದಾರರು ಊಟಕ್ಕೆ ಹೋಗಿರುತ್ತಾರೆ. ಕಡೆಗೆ ಶಿರಸ್ತೇದಾರರು ಕುರ್ಚಿಯಿಂದ ಅರ್ಧ ಎದ್ದು, ನಗದೆ, ಅಳದೆ, ಸಾವಿನ ಮನೆಗೂ ಮದುವೆ ಮನೆಗೂ ಒಪ್ಪುವಂಥ ಒಂದು ಮುಖ ಮಾಡಿಕೊಂಡು ಹಾಳೆಗೆ ಕೈ ಇಡುತ್ತಾರೆ. ಕ್ಲಿಕ್. ಆಮೇಲೆ ಹಾಳೆ ಟೇಬಲ್ ಮೇಲೆ, ಅದರ ಮೇಲೆ ಚಹಾದ ಕಪ್ಪು.

ಹನ್ನೊಂದು ಕೈ ಅಂದೆನಲ್ಲ, ಮೊನ್ನೆಯ ಫೋಟೊದಲ್ಲಿ ನಾನು ಎಣಿಸಿದ್ದೇನೆ. ಒಂದರಲ್ಲೂ ಬಳೆ ಇರಲಿಲ್ಲ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಅಂತ ಕಾನೂನೇ ಇದೆ. ಹಾಗಾದರೆ ಆ ಅರ್ಧ ಎಲ್ಲಿ? ಸದಸ್ಯೆಯ ಗಂಡ ಬಂದಿದ್ದಾರೆ, ಅಧ್ಯಕ್ಷೆಯ ಮೈದುನ ಬಂದಿದ್ದಾರೆ, ಉಪಾಧ್ಯಕ್ಷೆಯ ಮಗ ಬೈಕ್ ನಿಲ್ಲಿಸಿ ಬರ್ತಿದ್ದಾನೆ. "ಪಂಚಾಯಿತಿ ಅಧಿಕಾರವನ್ನು ಮೇಲಿನವರು ಕಿತ್ತುಕೊಂಡಿದ್ದಾರೆ" ಅನ್ನೋದು ಮನವಿಯ ಮೊದಲ ಸಾಲು. ಸತ್ಯವೇ. ಮೇಲಿನವರು ಪಂಚಾಯಿತಿಯಿಂದ ಕಿತ್ತುಕೊಂಡರು, ಮನೆಯವರು ಸದಸ್ಯೆಯಿಂದ ಕಿತ್ತುಕೊಂಡರು. ಒಕ್ಕೂಟದ ಅಣ್ಣಂದಿರಿಗೆ ಇದು ಸಿಟ್ಟು ತರಬಹುದು, ತರಲಿ ಬಿಡಿ.

ಇನ್ನೊಂದು ತಪ್ಪೊಪ್ಪಿಗೆ. ಆ ಮನವಿ ಬರೆದದ್ದು ನಾನೇ. ತಾಲ್ಲೂಕು ಕಚೇರಿ ಎದುರಿಗೆ ನನ್ನದೊಂದು ಡಿಟಿಪಿ, ಝೆರಾಕ್ಸ್ ಅಂಗಡಿ. ಇಲ್ಲಿಂದ ಸರ್ಕಾರಕ್ಕೆ ಹೋಗುವ ಅಳಲೆಲ್ಲ ನನ್ನ ಪ್ರಿಂಟರಿನಿಂದಲೇ ಹೋಗುತ್ತದೆ. ಕಂಪ್ಯೂಟರಿನಲ್ಲಿ 'ಮನವಿ ಕೊನೆಯದು' ಅಂತ ಒಂದು ಫೈಲಿದೆ. ಪಕ್ಕದಲ್ಲಿ 'ಮನವಿ ಕೊನೆಯದು ಹೊಸದು'. ಅದರ ಪಕ್ಕ 'ಮನವಿ ಕೊನೆಯದು ಹೊಸದು 3'. 2021ರಿಂದ ಅದರಲ್ಲಿ ನಾನು ತಿದ್ದಿದ್ದು ತಾರೀಖು ಮತ್ತು ಮುಖ್ಯಮಂತ್ರಿಗಳ ಹೆಸರು, ಅಷ್ಟೆ. ಯಡಿಯೂರಪ್ಪ ಅಂತಿತ್ತು, ಬೊಮ್ಮಾಯಿ ಅಂತ ಮಾಡಿದೆ, ಆಮೇಲೆ ಸಿದ್ದರಾಮಯ್ಯ ಅಂತ ಮಾಡಿದೆ. ಬೇಡಿಕೆಗಳಿಗೆ ಕೈ ಹಚ್ಚುವ ಪ್ರಸಂಗವೇ ಬರಲಿಲ್ಲ. ಒಂದಾದರೂ ಈಡೇರಿದ್ದರೆ ಆ ಸಾಲು ಅಳಿಸುವ ಶ್ರಮವಾದರೂ ಇರ್ತಿತ್ತು.

ಮೊನ್ನೆ ಬಂದ ಸದಸ್ಯ ನಮ್ಮ ಪರಿಚಯದ ಹುಡುಗ. ಅವರ ಊರಿನ ಮಾಳಿಗೆ ಹತ್ತಿದರೆ ರಾತ್ರಿ ಹೊತ್ತು ಶಕ್ತಿನಗರದ ಚಿಮಣಿಗಳ ಕೆಂಪು ದೀಪ ಕಾಣುತ್ತವೆ. ಊರಲ್ಲಿ ಕಾಣುವ ದೀಪ ಅವು ಮಾತ್ರ.

"ಅಣ್ಣಾ, ಬೀದಿ ದೀಪದ್ದು ಒಂದು ಸಾಲು ಜಾಸ್ತಿ ಮಾಡ್ರಿ. ಬಿಲ್ ಬಾಕಿ ಅಂತ ಲೈನ್ ಕತ್ತರಿಸ್ಯಾರ. ಕತ್ತಲಾಗ ಹಾವು ತುಳದ್ರೂ ಗೊತ್ತಾಗಂಗಿಲ್ಲ."

ನಮ್ಮ ಕಡೆಯ ವೈಭವ ಒಮ್ಮೆ ಕೇಳಿ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ 1720 ಮೆಗಾವ್ಯಾಟ್. ರಾಯಚೂರಿನ ಮಗ್ಗುಲಲ್ಲೇ ಯರಮರಸ್, ಅದು 1600. ಬಳ್ಳಾರಿ ಹತ್ತಿರ ಕುಡಿತಿನಿಯದು 1700. ಮೂರೂ ಕೂಡಿಸಿದರೆ 5 ಸಾವಿರ ಮೆಗಾವ್ಯಾಟ್ ದಾಟುತ್ತದೆ. ರಾಜ್ಯಕ್ಕೆಲ್ಲ ಬೆಳಕು ಕಳಿಸುವ ಜಿಲ್ಲೆಗಳಪ್ಪಾ ನಾವು! ಕಲ್ಲಿದ್ದಲ ಧೂಳು ನಮಗೆ, ಹಾರುಬೂದಿ ನಮಗೆ, ಬ್ಯಾಸಗಿಯಲ್ಲಿ ಹೆಂಚಿನ ಮೇಲೆ ಕೂತ ಹಾಗಿರುವ ಬಿಸಿಲಂತೂ ಮೊದಲಿಂದಲೂ ನಮ್ಮದೇ. ಕರೆಂಟು ಮಾತ್ರ ಬಾಕಿ ಕಟ್ಟಿದ ಮೇಲೆ. ಬೂದಿಗೆ ಮೀಟರ್ ಇಲ್ಲ, ಅದು ಬಿಲ್ಲಿಲ್ಲದೆ ಮನೆ ಬಾಗಿಲಿಗೆ ಬಂದು ಬೀಳುತ್ತದೆ.

ಪಂಚಾಯಿತಿ ತನ್ನ ಬಾಕಿ ಕಟ್ಟಬಾರದೇನು ಅಂತ ಬೆಂಗಳೂರಿನ ಬುದ್ಧಿವಂತರು ಕೇಳ್ತಾರೆ. ಯಾವ ದುಡ್ಡಲ್ಲಿ? ಕೇಂದ್ರದಿಂದ ಪಂಚಾಯಿತಿಗೆ ಬಂದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 100ಕ್ಕೆ 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಅಂತ ಗಂಟು ಕಟ್ಟಿ ಬರುತ್ತಿತ್ತು. ಹುಡುಗನ ಕೈಗೆ ನೂರು ರೂಪಾಯಿ ಕೊಟ್ಟು, ಅರವತ್ತು ಮುಯ್ಯಿ ಹಾಕು, ಉಳಿದದ್ದರಲ್ಲಿ ಬಸ್ ಚಾರ್ಜು, ಅಜ್ಜಿಯ ಗುಳಿಗೆ, ಮನೆಯ ಎಣ್ಣೆ ಎಲ್ಲ ತಂದು ಚಿಲ್ಲರೆ ವಾಪಸ್ ಕೊಡು ಅಂದ ಹಾಗೆ. ಊರಿನ ಕರ ವಸೂಲಿ ಮಾಡಲಿ ಅಂದರೆ, ಮಳೆ ಕೈಕೊಟ್ಟ ವರ್ಷ ಬಿಲ್ ಕಲೆಕ್ಟರ್ ಮನೆ ಮುಂದೆ ನಿಂತರೆ ಮನೆಯವರು ಅವನಿಗೇ ನೀರು ಕೊಟ್ಟು, ಕೂಡಿಸಿ, ತಮ್ಮ ಕಥೆ ಹೇಳಿ ಕಳಿಸುತ್ತಾರೆ. ಅವನ ಪಗಾರವೂ ಬಾಕಿ ಇದ್ದರೆ ಇಬ್ಬರೂ ಕೂತು ಒಬ್ಬರಿಗೊಬ್ಬರು ಸಮಾಧಾನ ಹೇಳ್ಕೋಬೇಕು.

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗೆ ಕೊಡಬಹುದಾದ ವಿಷಯಗಳು ಅಂತ 29 ಬರೆದಿದ್ದಾರೆ. ಗ್ರಾಮೀಣ ವಿದ್ಯುದೀಕರಣವೂ ಅದರಲ್ಲಿದೆ. ವಿಷಯ ಕೊಟ್ಟರು, ವೈರ್ ಕೊಡಲಿಲ್ಲ.

ಈಗ ಮನವಿಯಲ್ಲಿರುವ ಗೌರವಧನದ ಮಾತು. ಏನು ಚೆಂದದ ಪದ ನೋಡಿ. ಸಂಬಳ ಅಂದರೆ ಸಾಕಾಗಲ್ಲ ಅಂತ ಜಗಳ ಮಾಡಬಹುದು, ಕೂಲಿ ಅಂದರೆ ಕನಿಷ್ಠ ಕೂಲಿ ಎಷ್ಟು ಅಂತ ಕೇಳಬಹುದು. ಗೌರವಧನ ಅಂದುಬಿಟ್ಟರೆ ಎಣಿಸುವವನಿಗೇ ಮರ್ಯಾದೆ ಇಲ್ಲ. ಆಶಾ ಕಾರ್ಯಕರ್ತೆಗೆ ಗೌರವಧನ, ಬಿಸಿಯೂಟದ ಅಕ್ಕನಿಗೆ ಗೌರವಧನ, ಪಂಚಾಯಿತಿ ಸದಸ್ಯನಿಗೆ ಗೌರವಧನ. ಯಾರಿಗೆ ದುಡ್ಡು ಕೊಡೋಕೆ ಮನಸ್ಸಿಲ್ಲವೋ ಅವರಿಗೆಲ್ಲ ಗೌರವ. ನಮ್ಮ ಹುಡುಗ ತಿಂಗಳಲ್ಲಿ ಹತ್ತು ಸಲ ಊರಿಂದ ತಾಲ್ಲೂಕಿಗೆ ಬೈಕಿನಲ್ಲಿ ಬಂದು ಹೋದರೆ ಗೌರವವೆಲ್ಲ ಪೆಟ್ರೋಲ್ ಬಂಕಿನಲ್ಲಿ ಮುಗಿಯುತ್ತದೆ.

ಗೌರವ ಬೇಡದವರೂ ಇದ್ದಾರೆ. 2025ರ ಮಾರ್ಚ್‌ನಲ್ಲಿ ಶಾಸಕರ ವೇತನ 40 ಸಾವಿರದಿಂದ 80 ಸಾವಿರಕ್ಕೆ ಹೋಯಿತು. ಮುಖ್ಯಮಂತ್ರಿಗಳದ್ದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ. ಅದು ವೇತನ ಮಾತ್ರ, ಭತ್ಯೆಗಳ ಪಟ್ಟಿ ಓದಿದರೆ ನನ್ನ ಪ್ರಿಂಟರಿನ ಇಂಕು ಮುಗಿದೀತು. ಸದನದಲ್ಲಿ ಗದ್ದಲವೋ ಗದ್ದಲ, ಆ ಗದ್ದಲದ ನಡುವೆಯೇ ಮಸೂದೆ ಪಾಸು. ಅವರು ಯಾವ ತಹಶೀಲ್ದಾರರ ಮೂಲಕ ಮನವಿ ಕೊಟ್ಟಿದ್ದರೋ! ಯಾರ ಮೊಣಕೈ ಯಾರು ಹಿಡಿದಿದ್ದರೋ! ಆ ಫೋಟೊ ನಾನಂತೂ ನೋಡಿಲ್ಲ.

ಹಾಗಂತ ಪಂಚಾಯಿತಿ ಸದಸ್ಯರಿಗೆ ಬೆಂಗಳೂರಿನಲ್ಲಿ ದನಿ ಇಲ್ಲ ಅನ್ನುವಂತಿಲ್ಲ. ವಿಧಾನ ಪರಿಷತ್ತಿನ 75 ಜನರಲ್ಲಿ 25 ಜನ ಸ್ಥಳೀಯ ಸಂಸ್ಥೆಗಳಿಂದಲೇ ಆರಿಸಿ ಹೋಗುವವರು. ಮೂರರಲ್ಲಿ ಒಂದು ಪಾಲು! ನಮ್ಮದು ರಾಯಚೂರು-ಕೊಪ್ಪಳ ಸೇರಿ ಒಂದು ಕ್ಷೇತ್ರ. 2021ರ ಡಿಸೆಂಬರ್‌ನಲ್ಲಿ ಆ ಚುನಾವಣೆ ಬಂದಾಗ ಹದಿನೈದು ದಿನ ನಮ್ಮ ಹುಡುಗನ ಮೊಬೈಲ್ ಬಿಸಿಯಾಗಿ ಕಿಸೆ ಸುಡುವಂತಾಗಿತ್ತು. ಕಾರಿನಲ್ಲಿ ಬಂದವರು ಅವನ ಅಂಗಳದ ಹೊರಸಿನ ಮೇಲೆ ಕೂತು ಒಗ್ಗರಣಿ-ಮಿರ್ಚಿ ತಿಂದು, "ನಿಮ್ಮ ಸಮಸ್ಯೆ ನಮ್ಮ ಸಮಸ್ಯೆ" ಅಂದರು. ಮಾತಿಗೆ ತಪ್ಪಲಿಲ್ಲ. ಸಮಸ್ಯೆಯನ್ನು ತಮ್ಮದೇ ಅನ್ನುವಷ್ಟು ಜೋಪಾನವಾಗಿ ಹಾಗೇ ಇಟ್ಟುಕೊಂಡಿದ್ದಾರೆ.

ಆ ಸಲ ಮತ ಹಾಕೋಕೆ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸದಸ್ಯರು ಇರಲೇ ಇಲ್ಲ, ನೆನಪಿದೆಯಾ? ಅವರ ಅವಧಿ ಅದೇ ವರ್ಷ ಮುಗಿದಿತ್ತು. 2016ರಲ್ಲಿ ಚುನಾವಣೆ ಆಗಿದ್ದು. 2021 ಮುಗೀತು, 22, 23, 24, 25 ಒಂದರ ಹಿಂದೆ ಒಂದು ಹೋದವು. ನಡುವೆ ವಿಧಾನಸಭೆಗೆ ಓಟು ಹಾಕಿದೆವು, ಲೋಕಸಭೆಗೆ ಹಾಕಿದೆವು. ಅವಕ್ಕೆಲ್ಲ ಮತಗಟ್ಟೆ ಸಿಕ್ಕವು, ಶಾಯಿ ಸಿಕ್ಕಿತು, ಮೇಷ್ಟ್ರುಗಳು ಸಿಕ್ಕರು. ಜಿಲ್ಲಾ ಪಂಚಾಯಿತಿ ಅಂದ ಕೂಡಲೇ ಕ್ಷೇತ್ರ ವಿಂಗಡಣೆ ಆಗಿಲ್ಲ, ಮೀಸಲಾತಿ ಪಟ್ಟಿ ಆಗಿಲ್ಲ. ಮೊದಲು ವಿಂಗಡಣೆಯ ಕೆಲಸ ರಾಜ್ಯ ಚುನಾವಣಾ ಆಯೋಗದ ಕೈಯಲ್ಲಿತ್ತು. ಅದನ್ನು ಕಿತ್ತುಕೊಂಡು ಬೇರೆ ಆಯೋಗ ಮಾಡಿದರು. 2022ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಸಿಟ್ಟಾಗಿ ಸರ್ಕಾರಕ್ಕೆ 5 ಲಕ್ಷ ದಂಡ ಹಾಕಿತು. ಆ 5 ಲಕ್ಷ ಯಾರ ದುಡ್ಡು? ಚುನಾವಣೆ ಕೊಡಿ ಅಂತ ಕೇಳಿದ ನಮ್ಮದೇ ಅಲ್ವಾ?

ವಿಜಯನಗರ ಜಿಲ್ಲೆಯ ಕಥೆ ಇನ್ನೂ ಮಜಾ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ಕೂಸು. ಹುಟ್ಟಿ ನಾಲ್ಕು ವರ್ಷ ಕಳೆದರೂ ಅದು ಒಂದೇ ಒಂದು ಜಿಲ್ಲಾ ಪಂಚಾಯಿತಿ ಚುನಾವಣೆ ಕಂಡಿಲ್ಲ. ಜವಳ ತೆಗೆಸೋದಕ್ಕೂ ಮುಹೂರ್ತ ಸಿಕ್ಕಿಲ್ಲ ಅನ್ನಿ.

ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲದವರು ಇದನ್ನು ಕೇಳಿದರೆ ನಂಬೋದಿಲ್ಲ. 1983ರ ಕಾಯ್ದೆ ಅವರದು, 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ, ಅಂದರೆ ಈಗಿನ ಜಿಲ್ಲಾ ಪಂಚಾಯಿತಿಗಳಿಗೆ ಚುನಾವಣೆ. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಕೆಲಸ ಮಾಡುವ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ. ಯೋಚಿಸಿ, ಡಿಸಿ ಸಾಹೇಬರಿಗಿಂತ ಹಿರಿಯರೊಬ್ಬರು ಹಳ್ಳಿಯಿಂದ ಆರಿಸಿ ಬಂದವರ ಮುಂದೆ ಫೈಲ್ ಹಿಡಿದು ನಿಲ್ಲುವ ಕಾಲ. ಹಳ್ಳಿಗಳಲ್ಲಿ ಬೋರು ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತಲೇ ಕರೆದರು. ಈಗಲೂ ಪಂಚಾಯತ್ ರಾಜ್ ದಿನ ಅಂತ ಏಪ್ರಿಲ್ 24ಕ್ಕೆ ಭಾಷಣ ಆಗುತ್ತದೆ, ಅವರ ಹೆಸರು ಬರುತ್ತದೆ. ಭಾಷಣ ಮಾಡುವವರು ಆರಿಸಿ ಬಂದವರ ಜಾಗದಲ್ಲಿ ಸರ್ಕಾರ ಕೂಡಿಸಿದ ಆಡಳಿತಾಧಿಕಾರಿ.

ಆಡಳಿತಾಧಿಕಾರಿ ಅಂದರೆ ಯಾರೋ ಕೆಟ್ಟವರು ಅಂತ ಅಲ್ಲ. ಪಾಪ, ಅವರಿಗೆ ಇನ್ನೂ ಹತ್ತು ಚಾರ್ಜು. ಆದರೆ ನಮ್ಮೂರ ಹಳ್ಳದ ಸೇತುವೆ ಕುಸಿದರೆ ಮುದುಕಿಯೊಬ್ಬಳು ಅವರ ಮನೆಗೆ ಹೋಗಿ "ಏನೋ ತಮ್ಮಾ, ಓಟು ಹಾಕಿದ್ದು ಇದಕ್ಕೇನು?" ಅಂತ ಬೈಯೋಕೆ ಆಗೋದಿಲ್ಲ. ಅವಳು ಬೈಯಬೇಕಿದ್ದ ಮನುಷ್ಯನನ್ನೇ ತೆಗೆದುಹಾಕಿದ್ದಾರೆ.

ತಮಾಷೆ ಸಾಕು. ಸಂವಿಧಾನದ 243ಇ ಅನುಚ್ಛೇದದಲ್ಲಿ ಐದು ವರ್ಷ, ಅದಕ್ಕಿಂತ ಒಂದು ದಿನ ಜಾಸ್ತಿ ಇಲ್ಲ, ಅವಧಿ ಮುಗಿಯೋದರೊಳಗೆ ಚುನಾವಣೆ ಮುಗಿದಿರಬೇಕು ಅಂತ ನೆಟ್ಟಗೆ ಬರೆದಿದೆ. ಅದಕ್ಕೆ ವಕೀಲರು ಬೇಕಿಲ್ಲ, ನಾಲ್ಕನೇ ಕ್ಲಾಸಿನ ಹುಡುಗಿ ಓದಿ ಹೇಳ್ತಾಳೆ. ಬಿಜೆಪಿ ಇದ್ದಾಗ ಕಾಂಗ್ರೆಸ್‌ನವರು ಪ್ರಜಾಪ್ರಭುತ್ವದ ಕೊಲೆ ಅಂದರು, ಕಾಂಗ್ರೆಸ್ ಬಂದ ಮೇಲೆ ಬಿಜೆಪಿಯವರು ಅದನ್ನೇ ಅಂದರು. ಇಬ್ಬರೂ ಹೇಳಿದ್ದು ನಿಜ, ಇಬ್ಬರೂ ಮಾಡಿದ್ದೂ ಅದನ್ನೇ. ಯಾಕೆ ಅಂತ ಯಾರಿಗೆ ಗೊತ್ತಿಲ್ಲ ಹೇಳಿ? ಜಿಲ್ಲಾ ಪಂಚಾಯಿತಿ ಸದಸ್ಯ ಇದ್ದರೆ ರಸ್ತೆಯ ಪೂಜೆಗೆ ಎರಡು ಹಾರ ತರಬೇಕು, ಕಲ್ಲಿನ ಮೇಲೆ ಎರಡು ಹೆಸರು ಕೆತ್ತಬೇಕು. ಮುಂದಿನ ಸಲ ಟಿಕೆಟ್ ಕೇಳುವವನೂ ಅವನೇ. ಅವನಿಲ್ಲದಿದ್ದರೆ ಶಾಸಕರೇ ಎಲ್ಲ. ಚುನಾಯಿತ ಸಂಸ್ಥೆ ಇಲ್ಲದಿದ್ದರೆ ಹಣಕಾಸು ಆಯೋಗದ ಅನುದಾನ ಇಲ್ಲ ಅಂತ ದಿಲ್ಲಿ ಹೇಳುತ್ತದೆ. ದುಡ್ಡು ಹೋದರೂ ಪರವಾಗಿಲ್ಲ, ಆ ಎರಡನೇ ಹೆಸರು ಬರಬಾರದು. ನನಗೆ ಇದನ್ನು ಬರೆದೂ ಬರೆದೂ ಬೇಜಾರಾಗಿದೆ. ಪ್ರತಿ ಸಲ ಟೈಪ್ ಮಾಡುವಾಗ 'ತಮ್ಮ ಅವಗಾಹನೆಗೆ ತರಬಯಸುತ್ತೇವೆ' ಅನ್ನೋ ಸಾಲಿಗೆ ಬಂದಾಗ ಕೈ ನಿಲ್ಲುತ್ತದೆ. ಅವರಿಗೆ ಗೊತ್ತಿಲ್ಲದ್ದು ಇದರಲ್ಲಿ ಏನಿದೆ ಅಂತ?

ಇರಲಿ. ಹುಡುಗನಿಗೆ ಬೀದಿ ದೀಪದ ಸಾಲು ಸೇರಿಸಿದೆ. ಪ್ರೂಫ್ ಓದೋಕೆ ಕೊಟ್ಟೆ. ಓದುತ್ತಾ ಓದುತ್ತಾ ಕೆಳಗೆ ಸಹಿ ಮಾಡುವ ಜಾಗದಲ್ಲಿ ಅವನ ಬೆರಳು ನಿಂತಿತು. ಈ ಗ್ರಾಮ ಪಂಚಾಯಿತಿ ಸದಸ್ಯರನ್ನು ಆರಿಸಿದ್ದು 2020ರ ಡಿಸೆಂಬರ್‌ನಲ್ಲಿ. ಐದು ಕೂಡಿಸಿದರೆ ಎಷ್ಟಾಗುತ್ತದೆ ಅಂತ ಅವನಿಗೂ ಗೊತ್ತು, ನನಗೂ ಗೊತ್ತು.

"ಅಣ್ಣಾ, ಇಲ್ಲಿ 'ಸದಸ್ಯರು' ಅಂತ ಐತಲ್ಲ, ಅದರ ಮುಂದ ಸ್ವಲ್ಪ ಜಾಗ ಬಿಡ್ರಿ."

"ಯಾಕೋ?"

"ಮುಂದಿನ ಸಲ 'ಮಾಜಿ' ಅಂತ ಕೈಲೆ ಬರಕೋತೀವಿ. ಮತ್ತ ಪ್ರಿಂಟಿಗೆ ಯಾಕ ರೊಕ್ಕ?"

ಎರಡಕ್ಷರದಷ್ಟು ಜಾಗ ಬಿಟ್ಟು ಇಪ್ಪತ್ತು ಪ್ರತಿ ತೆಗೆದುಕೊಟ್ಟೆ.