ಬಸ್ಸಿಗಿಂತ ಮೊದಲು ಅಂಗಳ

ಕ್ಯಾಲಿಫೋರ್ನಿಯಾದಲ್ಲಿ ನಾನು ನೆಲೆಸಿರುವ ಊರಿನ ನಗರಾಡಳಿತವು ತನ್ನ ವಾಹನ ದುರಸ್ತಿ ಅಂಗಳವನ್ನು ವಿದ್ಯುತ್ ಬಸ್ಸುಗಳಿಗೂ ತನ್ನ ಇತರ ವಾಹನಗಳಿಗೂ ಒಗ್ಗುವಂತೆ ಬದಲಾಯಿಸಲು ಹೊರಟಿದೆ. ಅದರ ನಕ್ಷೆಯನ್ನು ಊರವರ ಮುಂದಿಡುವ ಸಭೆಗೆ ಹೋಗಿದ್ದೆ. ಕೆಲಸದ ಬಟ್ಟೆಯಲ್ಲೇ ಬಂದಿದ್ದ ಮೆಕ್ಯಾನಿಕ್ ಒಬ್ಬರು ಎದ್ದು ನಿಂತು, ಚಾರ್ಜರ್ ಕಂಬಗಳನ್ನು ನೀವು ನಿಲುಗಡೆಯ ಸಾಲಿನ ಮುಂದುಗಡೆ ಗುರುತಿಸಿದ್ದೀರಿ, ಆದರೆ ಕೊಳ್ಳಲಿರುವ ಬಸ್ಸಿಗೆ ಕೇಬಲ್ ಚುಚ್ಚುವ ಜಾಗ ಹಿಂಬದಿಯಲ್ಲಿದೆ, ಹೀಗಾದರೆ ಕೇಬಲನ್ನು ಬಸ್ಸಿನ ಉದ್ದಕ್ಕೂ ನೆಲದ ಮೇಲೆ ಎಳೆಯಬೇಕಾಗುತ್ತದೆ, ಪಕ್ಕದ ಬಸ್ಸಿನ ಚಕ್ರ ಅದರ ಮೇಲೆ ಹತ್ತುತ್ತದೆ ಎಂದು ಹೇಳಿದರು. ಎಂಜಿನಿಯರು ವಾದಕ್ಕಿಳಿಯದೆ ಪೆನ್ನನ್ನು ಅವರ ಕೈಗೇ ಕೊಟ್ಟು ನಕ್ಷೆಯನ್ನು ತಿದ್ದಿಸಿದರು. ಮುಂದಿನ ಸಭೆಗೆ ಬಂದ ನಕ್ಷೆಯಲ್ಲಿ ಕಂಬಗಳು ಆ ಮೆಕ್ಯಾನಿಕ್ ತೋರಿಸಿದ ಜಾಗದಲ್ಲಿಯೇ ಇದ್ದವು.

ಇದನ್ನು ಶಿರಸಿಯಲ್ಲಿರುವ ನನ್ನ ಸೋದರಮಾವನಿಗೆ ಫೋನಿನಲ್ಲಿ ಹೇಳಿದೆ. ಅವರು ಬದುಕಿನ ಬಹುಪಾಲನ್ನು ಬಸ್ ಡಿಪೋ ಒಂದರಲ್ಲಿ ಮೆಕ್ಯಾನಿಕ್ ಆಗಿ ಕಳೆದು ನಿವೃತ್ತರಾದವರು. ಎಲ್ಲವನ್ನೂ ಕೇಳಿಸಿಕೊಂಡು, "ತಮ್ಮಾ, ನಮ್ಮಲ್ಲಿ ಬಸ್ಸು ತೊಳೆಯುವ ಕಟ್ಟೆ ಕಟ್ಟುವಾಗಲೂ ನಮ್ಮನ್ನು ಯಾರೂ ಕೇಳಿರಲಿಲ್ಲ. ಕಟ್ಟಿ ಮುಗಿದ ಮೇಲೆ ನೀರೆಲ್ಲ ನಾವು ಇಳಿದು ಕೆಲಸ ಮಾಡುವ ಪಿಟ್ಟಿಗೇ ಹರಿಯಿತು" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಹೀಗೆಯೇ ನಡೆಯುವುದು ಎಂಬ ಒಪ್ಪಿಗೆ ಇತ್ತು, ಅದು ನನ್ನನ್ನು ಚುಚ್ಚಿತು.

ನಮ್ಮಲ್ಲಿ ವಿದ್ಯುತ್ ಬಸ್ಸಿನ ಮಾತು ಬಂದಾಗಲೆಲ್ಲ ಬಸ್ಸಿನದೇ ಮಾತು. ಎಷ್ಟು ಬಂದವು, ಬಣ್ಣ ಯಾವುದು, ಯಾವ ಮಂತ್ರಿ ಹಸಿರು ನಿಶಾನೆ ತೋರಿಸಿದರು ಎಂಬಷ್ಟಕ್ಕೆ ಸುದ್ದಿ ಮುಗಿಯುತ್ತದೆ. ಆ ಬಸ್ಸು ರಾತ್ರಿ ಎಲ್ಲಿ ನಿಲ್ಲುತ್ತದೆ, ಅದಕ್ಕೆ ಕರೆಂಟು ಯಾವ ತಂತಿಯಿಂದ ಬರುತ್ತದೆ, ಕೆಟ್ಟರೆ ಯಾರು ಮುಟ್ಟುತ್ತಾರೆ ಎಂಬ ಪ್ರಶ್ನೆಗಳನ್ನು ನಮ್ಮ ಪತ್ರಿಕೆಗಳೂ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ. ಇಲ್ಲಿಯಾದರೋ ಕಾನೂನೇ ಅದನ್ನು ಮೊದಲು ಕೇಳುತ್ತದೆ. 2018ರ ಡಿಸೆಂಬರಿನಲ್ಲಿ ಈ ರಾಜ್ಯ ಒಪ್ಪಿಕೊಂಡ ನಿಯಮದಂತೆ 2029ರಿಂದ ಸಾರ್ವಜನಿಕ ಸಾರಿಗೆ ಸಂಸ್ಥೆಗಳು ಕೊಳ್ಳುವ ಹೊಸ ಬಸ್ಸುಗಳೆಲ್ಲವೂ ಹೊಗೆ ಬಿಡದವೇ ಆಗಿರಬೇಕು. 2040ರ ಹೊತ್ತಿಗೆ ಇಡೀ ಬಸ್ ಬಳಗವೇ ಬದಲಾಗಬೇಕೆಂಬುದು ಗುರಿ. ಇದಕ್ಕೆ ಪ್ರತಿ ಸಂಸ್ಥೆಯೂ ಒಂದು ಯೋಜನೆ ಬರೆದು, ತನ್ನ ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ಸಲ್ಲಿಸಬೇಕಾಗಿತ್ತು. ದೊಡ್ಡ ಸಂಸ್ಥೆಗಳಿಗೆ 2020, ಸಣ್ಣವಕ್ಕೆ 2023 ಎಂದು ಗಡುವು. ಯಾವ ವರ್ಷ ಎಷ್ಟು ಬಸ್ಸು ಎಂದು ಬರೆದರೆ ಸಾಲದು. ಯಾವ ಅಂಗಳದಲ್ಲಿ ಯಾವಾಗ ಏನನ್ನು ಕಟ್ಟುತ್ತೇವೆ, ಚಾಲಕರಿಗೂ ಮೆಕ್ಯಾನಿಕ್‌ಗಳಿಗೂ ಯಾವ ತರಬೇತಿ ಕೊಡುತ್ತೇವೆ ಎಂಬುದೂ ಅದೇ ಕಾಗದದಲ್ಲಿರಬೇಕು.

ಅಂಗಳಕ್ಕೆ ಇಷ್ಟು ಮಹತ್ವ ಏಕೆ ಎಂಬುದು ಲೆಕ್ಕ ಹಾಕಿ ನೋಡಿದಾಗ ತಿಳಿಯುತ್ತದೆ. ದಿನಕ್ಕೆ 200 ಕಿಲೋಮೀಟರ್ ಓಡುವ ಡೀಸೆಲ್ ಬಸ್ಸಿಗೆ ಸುಮಾರು 40 ಲೀಟರ್ ಎಣ್ಣೆ ಬೇಕು, ಅದನ್ನು ತುಂಬಲು ಕೆಲವು ನಿಮಿಷ ಸಾಕು, ಆಮೇಲೆ ಆ ಬಸ್ಸನ್ನು ಅಂಗಳದ ಯಾವ ಮೂಲೆಯಲ್ಲಾದರೂ ನಿಲ್ಲಿಸಬಹುದು. ಹನ್ನೆರಡು ಮೀಟರ್ ಉದ್ದದ ವಿದ್ಯುತ್ ಬಸ್ಸು ಕಿಲೋಮೀಟರಿಗೆ 1.2 ಯೂನಿಟ್ ಬಳಸುತ್ತದೆ ಎಂದಿಟ್ಟುಕೊಂಡರೆ ಅದೇ ದೂರಕ್ಕೆ 240 ಯೂನಿಟ್ ಬೇಕು. 120 ಕಿಲೋವ್ಯಾಟ್ ಚಾರ್ಜರಿನಲ್ಲಿ ಅದಕ್ಕೆ ಎರಡು ಗಂಟೆ ಹಿಡಿಯುತ್ತದೆ. ಅಂಥ 50 ಬಸ್ಸುಗಳನ್ನು ಒಂದೇ ಸಲಕ್ಕೆ ಚುಚ್ಚಿದರೆ 6,000 ಕಿಲೋವ್ಯಾಟ್ ಎಳೆಯುತ್ತವೆ. ಅದೇ 12,000 ಯೂನಿಟ್ಟನ್ನು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಹಂಚಿ ಕೊಟ್ಟರೆ 1,500 ಕಿಲೋವ್ಯಾಟಿನಲ್ಲಿ ಮುಗಿಯುತ್ತದೆ. ಟ್ರಾನ್ಸ್‌ಫಾರ್ಮರಿನ ಗಾತ್ರ, ಹೈಟೆನ್ಷನ್ ಸಂಪರ್ಕದ ಖರ್ಚು, ತಿಂಗಳ ಬಿಲ್ಲು ಎಲ್ಲವೂ ಈ ಹಂಚಿಕೆಯ ಮೇಲೆ ನಿಂತಿವೆ. ಯಾವ ಬಸ್ಸು ಎಷ್ಟು ಗಂಟೆಗೆ ಬರುತ್ತದೆ, ಬೆಳಿಗ್ಗೆ ಯಾವುದು ಮೊದಲು ಹೊರಡುತ್ತದೆ ಎಂದು ಬಾಯಿಪಾಠವಾಗಿ ಬಲ್ಲವರೇ ಈ ಹಂಚಿಕೆಯನ್ನು ಸರಿಯಾಗಿ ಮಾಡಬಲ್ಲರು, ಅಂಥವರು ಡಿಪೋದಲ್ಲಿ ಮಾತ್ರ ಸಿಗುತ್ತಾರೆ.

ಇಲ್ಲಿಯ ಅಂಗಳಕ್ಕೆ ಬಸ್ಸುಗಳ ಜೊತೆಗೆ ಪೊಲೀಸ್ ಕಾರು, ರಸ್ತೆ ಗುಡಿಸುವ ಯಂತ್ರ, ಉದ್ಯಾನ ವಿಭಾಗದ ಪಿಕಪ್ ಗಾಡಿಗಳೂ ಬರುತ್ತವೆ. ಸಣ್ಣ ಗಾಡಿಗಳಿಗೆ ನಿಧಾನದ ಚಾರ್ಜರ್ ಸಾಕಾದ್ದರಿಂದ ಬಸ್ಸುಗಳು ಬೀದಿಯಲ್ಲಿರುವ ಹಗಲು ಹೊತ್ತಿನಲ್ಲಿ, ಕರೆಂಟು ದುಬಾರಿಯಾಗುವ ಸಂಜೆ ನಾಲ್ಕರಿಂದ ಒಂಬತ್ತರ ಅವಧಿಗೆ ಮುಂಚೆ ಅವುಗಳ ಕೆಲಸ ಮುಗಿಸುವಂತೆ ವೇಳಾಪಟ್ಟಿ ಹಾಕಿದ್ದಾರೆ. ಕಾರವಾರದಲ್ಲಿಯೂ ಶಿರಸಿಯಲ್ಲಿಯೂ ನಗರಸಭೆಯ ಕಸದ ಗಾಡಿಗಳು ಒಂದು ಕಡೆ, ಸಾರಿಗೆ ಸಂಸ್ಥೆಯ ಬಸ್ಸುಗಳು ಇನ್ನೊಂದು ಕಡೆ. ಎರಡೂ ಸರ್ಕಾರದವೇ ಆಗಿರುವಾಗ ಒಂದೇ ಹೈಟೆನ್ಷನ್ ಸಂಪರ್ಕವನ್ನು ಹಂಚಿಕೊಳ್ಳಬಹುದೆಂಬ ಯೋಚನೆ ನಮ್ಮ ಎರಡು ಇಲಾಖೆಗಳ ನಡುವೆ ಹುಟ್ಟುವುದನ್ನು ನಾನು ಬಹಳ ಆಸೆಯಿಂದ ಕಾಯುತ್ತಿದ್ದೇನೆ.

ದುರಸ್ತಿ ಮನೆಯೂ ಬದಲಾಗಬೇಕು. ಡೀಸೆಲ್ ಬಸ್ಸಿನ ಕೆಲಸವೆಲ್ಲ ಕೆಳಗಿನಿಂದ, ಪಿಟ್ಟಿನೊಳಗಿಂದ. ಹಲವು ವಿದ್ಯುತ್ ಬಸ್ಸುಗಳಲ್ಲಿ ಬ್ಯಾಟರಿಯ ಪೆಟ್ಟಿಗೆಗಳು ಮಾಡಿನ ಮೇಲಿರುತ್ತವೆ. ಅಲ್ಲಿಗೆ ಹತ್ತಿ ನಿಲ್ಲಲು ಕಟಕಟೆಯಿರುವ ಅಟ್ಟಣಿಗೆ ಬೇಕು, ಪೆಟ್ಟಿಗೆಯನ್ನು ಎತ್ತಲು ಕ್ರೇನು ಬೇಕು, ಅದನ್ನು ಹೊರುವಷ್ಟು ಗಟ್ಟಿಯಾದ ತೊಲೆಗಳು ಬೇಕು. ಒಳಗೆ ಹರಿಯುವುದು ನೂರಾರು ವೋಲ್ಟಿನ ನೇರ ವಿದ್ಯುತ್ತು. ಅದನ್ನು ಕಡಿತಗೊಳಿಸಿ, ಬೀಗ ಹಾಕಿ, ಉಳಿದಿರುವ ಚಾರ್ಜು ಇಳಿಯುವವರೆಗೆ ಕಾದು, ಮೀಟರಿನಿಂದ ಅಳೆದು ನೋಡಿದ ಮೇಲೆಯೇ ಕೈ ಹಾಕಬೇಕು. ಆಗ ತೊಡುವ ರಬ್ಬರ್ ಕೈಗವಸುಗಳನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂಬುದು ಈ ದೇಶದ ಕಾರ್ಮಿಕ ಸುರಕ್ಷತೆಯ ನಿಯಮ. ಬ್ಯಾಟರಿಗೆ ಪೆಟ್ಟಾದ ಗಾಡಿಯನ್ನು ಕಟ್ಟಡದಿಂದಲೂ ಇತರ ಗಾಡಿಗಳಿಂದಲೂ ದೂರ ನಿಲ್ಲಿಸಲು ಖಾಲಿ ಜಾಗವನ್ನು ನಕ್ಷೆಯಲ್ಲೇ ಕಾದಿರಿಸಿದ್ದಾರೆ, ಏಕೆಂದರೆ ಲಿಥಿಯಂ ಬ್ಯಾಟರಿಯ ಬೆಂಕಿ ಆರಿತೆಂದುಕೊಂಡ ಮೇಲೂ ಮತ್ತೆ ಹೊತ್ತಿಕೊಳ್ಳುವುದುಂಟು. ಬರಿಗೈಯಲ್ಲಿ ಕೆಲಸ ಮಾಡಿಯೇ ಬೆರಳುಗಳೆಲ್ಲ ದೊರಗಾಗಿರುವ ನನ್ನ ಮಾವನನ್ನು ಆ ಕೈಗವಸಿನ ಕಪಾಟಿನ ಮುಂದೆ ನೆನೆದುಕೊಂಡೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಗಳಗಳ ಮಾತು ಇಲ್ಲಿಯದಕ್ಕಿಂತ ಕಠಿಣ. ಕಾರವಾರ, ಅಂಕೋಲಾ, ಕುಮಟಾ, ಭಟ್ಕಳಗಳಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಉಳಿದ ಕಾಲದಲ್ಲಿ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ. ಅಲ್ಲಿ ಚಾರ್ಜರ್ ಕಪಾಟುಗಳಿಗೆ ಮಾಡು ಬೇಕು, ನೀರು ನಿಲ್ಲದ ಎತ್ತರದ ಕಟ್ಟೆ ಬೇಕು. 2021ರ ಜುಲೈಯಲ್ಲಿ ಕಾಳಿಯ ನೆರೆ ಕದ್ರಾದ ಕೆಳಗಿನ ಊರುಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟು ಬರುವುದು ಯಾವಾಗ ಎಂದು ಯಾರೂ ಹೇಳಲಾರರು. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿಗೆ, ಸೂಪಾ, ಕೊಡಸಳ್ಳಿ, ಕದ್ರಾ, ಗೇರುಸೊಪ್ಪೆಯ ಅಣೆಕಟ್ಟುಗಳಿಗೆ ನೆಲವನ್ನೂ ಮನೆಗಳನ್ನೂ ಕೊಟ್ಟ ಜಿಲ್ಲೆ ಇದು. ಈ ಜಿಲ್ಲೆಯ ಬಸ್ ಡಿಪೋಗಳಿಗೆ ಎರಡು ದಿಕ್ಕಿನಿಂದ ವಿದ್ಯುತ್ ಮಾರ್ಗ ಎಳೆದುಕೊಡಿ ಎಂದು ಕೇಳುವ ಹಕ್ಕು ನಮಗಿದೆ ಎಂದು ನಾನು ನಂಬಿದ್ದೇನೆ.

ಇದಕ್ಕಿಂತ ಮುಖ್ಯವಾದದ್ದು ವಸತಿ ಬಸ್ಸು. ಕ್ಯಾಲಿಫೋರ್ನಿಯಾದ ಈ ಊರಿನ ಲೆಕ್ಕವೆಲ್ಲ ರಾತ್ರಿ ಬಸ್ಸುಗಳೆಲ್ಲ ಅಂಗಳಕ್ಕೆ ಮರಳುತ್ತವೆ ಎಂಬುದರ ಮೇಲೆ ನಿಂತಿದೆ. ನಮ್ಮ ಘಟ್ಟದ ಹಳ್ಳಿಗಳಿಗೆ ಹೋಗುವ ಸಂಜೆಯ ಕೊನೆಯ ಬಸ್ಸು ಅಲ್ಲಿಯೇ ಉಳಿದು, ಬೆಳಿಗ್ಗೆ ಕಾಲೇಜಿನ ಮಕ್ಕಳನ್ನೂ ಆಸ್ಪತ್ರೆಗೆ ಹೊರಟವರನ್ನೂ ಹತ್ತಿಸಿಕೊಂಡು ಪೇಟೆಗೆ ಬರುತ್ತದೆ. ಆ ಬಸ್ಸಿಗೆ ರಾತ್ರಿಯ ಚಾರ್ಜು ಎಲ್ಲಿಂದ? ಮಾವ ಇದನ್ನು ಕೇಳಿದ್ದು ನಾನು ವಿವರಿಸಲು ಆರಂಭಿಸಿದ ಕೂಡಲೇ. ಅವರೇ ಉತ್ತರವನ್ನೂ ಹೇಳಿದರು: ವಸತಿ ಬಸ್ಸು ಬೆಳಿಗ್ಗೆ ಪೇಟೆಗೆ ಬಂದ ಮೇಲೆ ಮಧ್ಯಾಹ್ನದವರೆಗೆ ಅದನ್ನು ಡಿಪೋದಲ್ಲಿ ನಿಲ್ಲಿಸುವಂತೆ ಶೆಡ್ಯೂಲು ಬದಲಿಸಬೇಕು, ಇಲ್ಲವೇ ಆ ಮಾರ್ಗಗಳಿಗೆ ಇನ್ನೂ ಕೆಲವು ವರ್ಷ ಡೀಸೆಲ್ ಬಸ್ಸನ್ನೇ ಇಟ್ಟುಕೊಳ್ಳಬೇಕು.

ಘಟ್ಟದ ವಿಷಯವನ್ನೂ ಅವರೇ ಎತ್ತಿದರು. ದೇವಿಮನೆ ಘಟ್ಟ ಇಳಿಯುವಾಗ ಮೋಟಾರು ತಿರುಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ ಎಂದು ನಾನು ಹೇಳಿದಾಗ, ಬ್ಯಾಟರಿ ಮೊದಲೇ ಭರ್ತಿಯಾಗಿದ್ದರೆ ಅದು ಎಲ್ಲಿ ಹಿಡಿಸುತ್ತದೆ ಎಂದು ಕೇಳಿದರು. ನಿಜವಾಗಿಯೂ ಹಿಡಿಸುವುದಿಲ್ಲ, ಆಗ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. 16 ಟನ್ ತೂಕದ ಬಸ್ಸು ಕರಾವಳಿಯಿಂದ ಐನೂರು ಮೀಟರ್ ಮೇಲಕ್ಕೆ ಏರಬೇಕಾದರೆ ರಸ್ತೆಯ ಓಟಕ್ಕೆ ಬೇಕಾದದ್ದನ್ನು ಬಿಟ್ಟು ಏರಿಗೇ 20 ಯೂನಿಟ್ಟಿಗೂ ಹೆಚ್ಚು ಬೇಕು. ಆದ್ದರಿಂದ ಶಿರಸಿಯಲ್ಲಿ ಕೆಳಗಿಳಿಯುವ ಬಸ್ಸಿನ ಬ್ಯಾಟರಿಯನ್ನು ಸ್ವಲ್ಪ ಖಾಲಿ ಬಿಟ್ಟು, ಕುಮಟಾದಲ್ಲಿ ಮೇಲೇರುವ ಬಸ್ಸಿಗೆ ಪೂರ್ತಿ ತುಂಬುವಂತೆ ಎರಡು ಡಿಪೋಗಳ ಚಾರ್ಜರುಗಳನ್ನು ಹೊಂದಿಸಬೇಕು. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಆದಂತೆ ಬಳಸುದಾರಿ ಹಿಡಿಯಬೇಕಾಗಿ ಬಂದರೆ ಅದಕ್ಕೂ ಒಂದಿಷ್ಟು ಉಳಿಕೆ ಬೇಕು. ವಿದ್ಯುತ್ ಬಸ್ಸನ್ನು ಕೈಯಿಂದ ಮುಟ್ಟಿಯೂ ಇರದ ಮನುಷ್ಯನೊಬ್ಬ ಒಂದು ಫೋನ್ ಕರೆಯಲ್ಲಿ ಇಷ್ಟನ್ನು ಹೇಳಬಲ್ಲನಾದರೆ, ಅಂಥವರನ್ನು ಸಭೆಗೆ ಕರೆಯದಿರುವುದರಿಂದ ನಾವು ಎಷ್ಟನ್ನು ಕಳೆದುಕೊಳ್ಳುತ್ತಿದ್ದೇವೆ!

ಕಳೆದುಕೊಳ್ಳುವ ಇನ್ನೊಂದು ದಾರಿಯೂ ಇದೆ. ನಮ್ಮ ದೇಶದಲ್ಲಿ ಬಹುತೇಕ ವಿದ್ಯುತ್ ಬಸ್ಸುಗಳು ಗುತ್ತಿಗೆಯಲ್ಲಿ ಓಡುತ್ತವೆ: ಬಸ್ಸು ಕಂಪನಿಯದು, ಚಾಲಕ ಕಂಪನಿಯವನು, ದುರಸ್ತಿಯೂ ಕಂಪನಿಯದು, ಸಾರಿಗೆ ಸಂಸ್ಥೆ ಕಿಲೋಮೀಟರ್ ಲೆಕ್ಕದಲ್ಲಿ ಹಣ ಕೊಡುತ್ತದೆ. ಸಂಸ್ಥೆಯ ಬೊಕ್ಕಸಕ್ಕೆ ಒಮ್ಮೆಲೇ ಹೊರೆ ಬೀಳದಿರುವುದು ಇದರ ಅನುಕೂಲ, ಅದನ್ನು ನಾನು ಬಲ್ಲೆ. ಆದರೆ ಅದೇ ಅಂಗಳದಲ್ಲಿ ಸಂಸ್ಥೆಯ ಮೆಕ್ಯಾನಿಕ್ ಹಳೆಯ ಬಸ್ಸುಗಳ ಜೊತೆ ಉಳಿಯುತ್ತಾನೆ, ಹೊಸ ವಿದ್ಯೆ ಬೇಲಿಯ ಆಚೆ ಇರುತ್ತದೆ. ಹತ್ತು ಹನ್ನೆರಡು ವರ್ಷಗಳ ಗುತ್ತಿಗೆ ಮುಗಿದ ದಿನ ಆ ಬಸ್ಸುಗಳನ್ನು ಬಲ್ಲವರು ಸಂಸ್ಥೆಯಲ್ಲಿ ಒಬ್ಬರೂ ಇಲ್ಲವೆಂದಾದರೆ, ಮುಂದಿನ ಗುತ್ತಿಗೆಯ ದರವನ್ನು ಕಂಪನಿಯೇ ಹೇಳುತ್ತದೆ.

ಇಷ್ಟು ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದ ಮಾತುಗಳನ್ನು ತಡೆಹಿಡಿಯುವುದು ನ್ಯಾಯವಲ್ಲ. ನನ್ನೂರಿನ ನಕ್ಷೆ ವರ್ಷಗಳಿಂದ ಸಭೆಯಿಂದ ಸಭೆಗೆ ಸಾಗುತ್ತಲೇ ಇದೆ, ದೊಡ್ಡ ಟ್ರಾನ್ಸ್‌ಫಾರ್ಮರಿಗಾಗಿ ಕಾಯುವುದು ಇನ್ನೂ ಮುಗಿದಿಲ್ಲ, ಹೊಸ ಬಸ್ಸು ಒಂದೂ ಓಡಿಲ್ಲ. ಅಷ್ಟರಲ್ಲಿ 2021ರ ಕೊನೆಯಲ್ಲಿ ಆರಂಭಿಸಿದ ಬೆಂಗಳೂರಿನಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯುತ್ ಬಸ್ಸುಗಳು ಓಡಾಡುತ್ತಿವೆ, 2023ರ ಜನವರಿಯಿಂದ ಬೆಂಗಳೂರು–ಮೈಸೂರು ನಡುವೆಯೂ ಓಡುತ್ತಿವೆ. ಇಲ್ಲಿಯ ಬಸ್ಸುಗಳು ಅರ್ಧಕ್ಕರ್ಧ ಖಾಲಿಯಾಗಿ ಸಾಗುತ್ತವೆ. ನಮ್ಮಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಶಿರಸಿ ಬಸ್ ನಿಲ್ದಾಣದಲ್ಲಿ ಹತ್ತಲು ಜಾಗವಿಲ್ಲ. ಬಸ್ಸಿನಲ್ಲಿ ಜನರಿರುವ ಊರಿಗೆ ಅದು ಒಂದು ವರ್ಷ ಬೇಗ ಬಂದರೂ ಲಾಭವೇ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ 10,000 ಬಸ್ಸುಗಳ ಪಿಎಂ ಇ-ಬಸ್ ಸೇವಾ ಯೋಜನೆಯಲ್ಲಿ ಡಿಪೋ ಕಟ್ಟಡಕ್ಕೂ ವಿದ್ಯುತ್ ಸಂಪರ್ಕಕ್ಕೂ ಹಣ ಇಟ್ಟಿದ್ದಾರೆ ಎಂಬುದನ್ನೂ ಹೇಳಬೇಕು. ಆದರೆ ಅದು ಮುಖ್ಯವಾಗಿ ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಗಾಗಿ ರೂಪಿಸಿದ್ದು. 2011ರ ಜನಗಣತಿಯಲ್ಲಿ ಲಕ್ಷವನ್ನೂ ಮುಟ್ಟದ ಕಾರವಾರ ಮತ್ತು ಶಿರಸಿ ಆ ಸಾಲಿನಲ್ಲಿಲ್ಲ.

ಹಾಗಾಗಿ ನಮ್ಮ ಸರದಿ ತಡವಾಗಿ ಬರುತ್ತದೆ, ಆ ತಡವನ್ನು ಅಂಗಳದ ಕೆಲಸಕ್ಕೆ ಬಳಸಿಕೊಳ್ಳಲು ಸಾಧ್ಯವಿದೆ. ಉತ್ತರ ಕನ್ನಡ ವಿಭಾಗದ ಪ್ರತಿ ಡಿಪೋದಲ್ಲಿಯೂ ಮ್ಯಾನೇಜರ್, ಹಿರಿಯ ಮೆಕ್ಯಾನಿಕ್, ಹೆಸ್ಕಾಂ ಎಂಜಿನಿಯರ್ ಮತ್ತು ನಗರಸಭೆಯ ಪ್ರತಿನಿಧಿ ಒಟ್ಟಿಗೆ ನಿಂತು ಟ್ರಾನ್ಸ್‌ಫಾರ್ಮರ್ ಎಲ್ಲಿ, ನೀರು ಹರಿಯುವುದು ಯಾವ ಕಡೆಗೆ, ಪೆಟ್ಟಾದ ಗಾಡಿ ನಿಲ್ಲುವುದೆಲ್ಲಿ ಎಂದು ಗುರುತಿಸಲಿ. ವಸತಿ ಬಸ್ಸುಗಳ ಪಟ್ಟಿಯೂ ಘಟ್ಟದ ಮಾರ್ಗಗಳ ಪಟ್ಟಿಯೂ ಟೆಂಡರಿನ ಕಾಗದಕ್ಕೆ ಲಗತ್ತಾಗಲಿ, ಸಂಸ್ಥೆಯ ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಡಬೇಕೆಂಬ ಷರತ್ತು ಅದೇ ಟೆಂಡರಿನಲ್ಲಿರಲಿ. ಇದಕ್ಕೆ ಬಸ್ಸು ಬರುವವರೆಗೆ ಕಾಯಬೇಕಾಗಿಲ್ಲ, ದೊಡ್ಡ ಮೊತ್ತವೂ ಬೇಕಾಗಿಲ್ಲ; ಈ ಮಳೆಗಾಲದಲ್ಲಿಯೇ, ಅಂಗಳದಲ್ಲಿ ನೀರು ನಿಂತಿರುವಾಗಲೇ ಆರಂಭಿಸಬಹುದು.