ಸ್ವಲ್ಪ ಕುಡಿದರೂ ಹಾನಿಯೇ?

ಪರ: ಒಂದು ಪೆಗ್ಗೂ ಲೆಕ್ಕಕ್ಕೆ ಬರುತ್ತದೆ

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 1988ರಲ್ಲಿ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಬೀಡಿ ಸೇದುವವನಿಗೆ ಬುದ್ಧಿ ಹೇಳುವ ನಾವು, 'ಹೃದಯಕ್ಕೆ ಒಳ್ಳೆಯದಂತೆ' ಎಂದು ಗ್ಲಾಸು ತುಂಬಿಸಿಕೊಳ್ಳುವವರ ಮುಂದೆ ಮಾತ್ರ ಬಾಯಿ ಮುಚ್ಚಿ ಕೂರುತ್ತೇವೆ. ದೇಹದೊಳಗೆ ಹೋದ ಮದ್ಯ ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ರಾಸಾಯನಿಕವಾಗಿ ಜೀವಕೋಶದ ಡಿಎನ್‌ಎಗೇ ಪೆಟ್ಟು ಕೊಡುತ್ತದೆ. ಬಾಟಲಿ ದುಬಾರಿಯದೋ ಅಗ್ಗದ್ದೋ ಎಂದು ಅದು ನೋಡುವುದಿಲ್ಲ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ: ಕ್ಯಾನ್ಸರಿನ ಪಟ್ಟಿ ಉದ್ದವಿದೆ. ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು.

ಇನ್ನು ಆ ಹೃದಯದ ಕಥೆ. ಹಳೆಯ ಅಧ್ಯಯನಗಳು ಎಷ್ಟೋ ಬಾರಿ ಕಾಯಿಲೆ ಬಿದ್ದು ಕುಡಿತ ಬಿಟ್ಟವರನ್ನೂ 'ಕುಡಿಯದವರ' ಸಾಲಿನಲ್ಲೇ ಕೂರಿಸಿದ್ದವು. ಅವರ ಪಕ್ಕದಲ್ಲಿ ಯಾರು ನಿಂತರೂ ಗಟ್ಟಿಮುಟ್ಟಾಗಿಯೇ ಕಾಣುತ್ತಾರೆ.

ನಮ್ಮ ಭಾವನವರದು ರಾತ್ರಿ ಊಟಕ್ಕೆ ಮುಂಚೆ 'ಒಂದೇ ಪೆಗ್'. 30 ಮಿಲಿ ದಾಟುವುದಿಲ್ಲ ಎಂದು ಅಕ್ಕನಿಗೆ ಆಣೆ ಮಾಡಿದ್ದರು. ಒಮ್ಮೆ ಲೋಟಕ್ಕೆ ಬಗ್ಗಿಸಿಟ್ಟು, ಫೋನ್ ಬಂತೆಂದು ಹೊರಗೆ ಹೋದರು. ನಾನು ಮಗುವಿನ ಕೆಮ್ಮಿನ ಸಿರಪ್ಪಿನ 10 ಮಿಲಿ ಮುಚ್ಚಳ ತೊಳೆದು ತಂದು, ಇನ್ನೊಂದು ಲೋಟಕ್ಕೆ ಅಳೆದು ಹಾಕತೊಡಗಿದೆ. ಅಕ್ಕ ಎಣಿಸುತ್ತಿದ್ದಳು. ಸ್ಟೀಲ್ ಲೋಟದ ತಳದಲ್ಲಿ ಇಷ್ಟೇ ಇಷ್ಟು ಕಾಣುತ್ತಿದ್ದದ್ದು ಏಳು ಮುಚ್ಚಳ ತುಂಬಿ ಇನ್ನೂ ಉಳಿಯಿತು. ವಾಪಸು ಬಂದ ಭಾವ, "ಲೋಟ ದೊಡ್ಡದು ಕಣಮ್ಮ" ಎಂದರು. ಶೇ 42.8 ಮದ್ಯಸಾರದ ವಿಸ್ಕಿಯಾದರೆ 30 ಮಿಲಿಗೇ ಸುಮಾರು 10 ಗ್ರಾಂ ಮದ್ಯಸಾರ. ಉಳಿದದ್ದನ್ನು ನೀವೇ ಗುಣಿಸಿಕೊಳ್ಳಿ. 'ನಾನು ಮಿತವಾಗಿ ಕುಡಿಯುತ್ತೇನೆ' ಎಂಬ ಹೇಳಿಕೆಗಳ ಮೇಲೆ ಕಟ್ಟಿದ ಅಧ್ಯಯನಗಳನ್ನು ಅಂದಿನಿಂದ ನಾನು ನಂಬುವುದಿಲ್ಲ.

ವಿರೋಧ: ಪ್ರಮಾಣಕ್ಕೂ ಬೆಲೆ ಇರಲಿ

ಈ ಕಡೆಗೆ ಬರೆಯಲು ಯಾರೂ ಸಿಗಲಿಲ್ಲವೆಂದು ಸಂಪಾದಕರು ನನ್ನನ್ನು ಹಿಡಿದರು. ನಾನು ಕುಡಿಯುವುದು ಹೊಸತೊಡಕಿನ ಬಾಡೂಟಕ್ಕೆ, ಅದೂ ಬಿಯರ್.

ಮಿತವಾಗಿ ಕುಡಿಯುವವರಲ್ಲಿ ಒಟ್ಟಾರೆ ಸಾವಿನ ಪ್ರಮಾಣ ಎಂದೂ ಕುಡಿಯದವರಿಗಿಂತ ಕಡಿಮೆ ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ 2024ರ ಡಿಸೆಂಬರಿನಲ್ಲಿ ವರದಿ ಕೊಟ್ಟಿದೆ. ಕಾಯಿಲೆಯಿಂದ ಬಿಟ್ಟವರನ್ನು ಬೇರೆ ಇಟ್ಟೇ ಮಾಡಿದ ಲೆಕ್ಕ ಅದು. ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚು ಎಂಬ ಮಾತೂ ಅದೇ ವರದಿಯಲ್ಲಿದೆ. ಅದನ್ನು ವೈದ್ಯರಿಗೆ ಬಿಡೋಣ. ಬ್ರಿಟನ್ 2016ರಿಂದ ವಾರಕ್ಕೆ 14 ಯೂನಿಟ್ (ಒಂದು ಯೂನಿಟ್ ಎಂದರೆ 8 ಗ್ರಾಂ ಮದ್ಯಸಾರ) ಮೀರಬೇಡಿ ಎನ್ನುತ್ತಿದೆ, ಮುಟ್ಟಲೇಬೇಡಿ ಎನ್ನುತ್ತಿಲ್ಲ.

ಪರ ಬರೆದವರ ಲೇಖನವನ್ನು ಓದಿದೆ. ಅವರ ಭಾವ ಎರಡು ಪೆಗ್ ದಾಟಿಸಿದ್ದು ಒಂದು ಪೆಗ್‌ನ ವಿರುದ್ಧ ಸಾಕ್ಷಿ ಹೇಗಾದೀತು? ಅವರ ದಾರಿಯಲ್ಲಿ ಹೋದರೆ ಹೋಳಿಗೆಗೆ ತುಪ್ಪ ಹಾಕಿಕೊಳ್ಳುವವರನ್ನೂ ಸಿರಪ್ಪಿನ ಮುಚ್ಚಳ ಹಿಡಿದು ಹಿಂಬಾಲಿಸಬೇಕಾದೀತು. ಹಾಗೆಂದು ಕುಡಿಯದವರು ಇದನ್ನು ಓದಿ ಶುರುಮಾಡಲಿ ಎನ್ನಲಾರೆ. ನನ್ನ ಮಗ ಕೇಳಿದರೆ ಬೇಡವೆಂದೇ ಹೇಳುತ್ತೇನೆ.