ಒಂದೇ ದಿನಕ್ಕೆ ಮೂರು ಊರು ಯಾಕೆ?
ಗೆಳತಿಯ ಮದುವೆಗೆ ಇಟಲಿಯ ಟಸ್ಕನಿಗೆ ಹೋಗಿದ್ದೆವು. ಮದುವೆಯ ಹಿಂದಿನ ದಿನ ಅತಿಥಿಗಳನ್ನೆಲ್ಲ ಬಸ್ಸಿಗೆ ಹತ್ತಿಸಿ ಸಾನ್ ಜಿಮಿನ್ಯಾನೋ, ವೋಲ್ತೆರಾ, ಸಿಯೆನಾ ಮೂರನ್ನೂ ತೋರಿಸುತ್ತೇವೆ ಅಂದರು. ಯಾಕೆ ಈ ಅವಸರ? ಇವೆಲ್ಲ ಗುಡ್ಡದ ಮೇಲಿನ ಊರುಗಳು, ಕೋಟೆಯ ಒಳಗೆ ಪ್ರವಾಸದ ಬಸ್ ಬಿಡುವುದಿಲ್ಲ, ಹೊರಗೇ ಇಳಿದು ಕಲ್ಲು ಹಾಸಿನ ಏರು ಹತ್ತಬೇಕು, ಅದೂ ಮಂಡಿನೋವಿನ ಅಜ್ಜಿಯರನ್ನೂ ಪುಟ್ಟ ಮಕ್ಕಳನ್ನೂ ಕರೆದುಕೊಂಡು. ಸಾನ್ ಜಿಮಿನ್ಯಾನೋದಲ್ಲಿ ಸಿಕ್ಕಿದ್ದು ಬರೀ 40 ನಿಮಿಷ. ಒಂದು ಕಾಲಕ್ಕೆ ಸುಮಾರು 70 ಗೋಪುರಗಳಿದ್ದ ಊರು ಅದು, ಈಗ ಉಳಿದಿರುವ ಹದಿನಾಲ್ಕರಲ್ಲಿ ಒಂದನ್ನಾದರೂ ಹತ್ತಬಾರದಾ?

ವೋಲ್ತೆರಾ ತಲುಪಿದಾಗ ಮೂರು ಗಂಟೆ. ಹಸಿವು ಅಂದರೆ ಹಸಿವು. ಆದರೆ ಅಲ್ಲಿ ಹೆಚ್ಚಿನ ಕಡೆ ಮಧ್ಯಾಹ್ನದ ಊಟ ಎರಡೂವರೆಗೇ ಮುಗಿಯುತ್ತದೆ, ಮತ್ತೆ ಒಲೆ ಹಚ್ಚುವುದು ಏಳರ ಮೇಲೆ. ಕರೆದುಕೊಂಡು ಹೋಗುವವರು ಇಷ್ಟನ್ನಾದರೂ ವಿಚಾರಿಸಬೇಕಲ್ವಾ? ಮಕ್ಕಳು ಅತ್ತವು. ರೋಮನ್ನರಿಗೂ ಮೊದಲು ಅಲ್ಲಿದ್ದ ಎಟ್ರಸ್ಕನ್ನರು ಕಟ್ಟಿದ ಆ ಹಳೇ ಕಲ್ಲಿನ ಬಾಗಿಲನ್ನು ಯಾರೂ ನೋಡಲೇ ಇಲ್ಲ.

ಸಿಯೆನಾ ಒಂದೇ ಸಾಕಿತ್ತು. ಕಾಂಪೋ ಚೌಕದ ಇಳಿಜಾರಿನ ಇಟ್ಟಿಗೆ ನೆಲದ ಮೇಲೆ ಎರಡೂ ಮನೆಯವರು ಕಾಲು ಚಾಚಿ ಕೂತು ಮಾತಾಡಬಹುದಿತ್ತು. ನಾವು ಸೇರುವಷ್ಟರಲ್ಲಿ ಸಂಜೆಯಾಗಿತ್ತು. ಕಪ್ಪು ಬಿಳಿ ಪಟ್ಟೆಯ ಆ ದೊಡ್ಡ ಚರ್ಚಿನ ಹೊರಗೋಡೆ ನೋಡಿ ಬಸ್ಸಿಗೆ ಓಡಿದೆವು.